ನಲ್ಲಿ ನೀರು ನಂಬುವಂತಿಲ್ಲವೇ? ಮನೆ ಡೇಕೇರ್ ನಡೆಸುವವರಿಗೆ ಒಂಬತ್ತು ಸೂತ್ರಗಳು

ಬೆಂಗಳೂರಿನ ಹೊರವಲಯದಲ್ಲಿ ಎಷ್ಟೋ ಮನೆಗಳ ಸಂಪಿಗೆ ಒಂದೇ ವಾರದಲ್ಲಿ ಮೂರು ಬಗೆಯ ನೀರು ಬೀಳುತ್ತದೆ. ಬಂದ ದಿನ ಕಾವೇರಿ, ಬಾರದ ದಿನ ಬೋರ್‌ವೆಲ್, ಎರಡೂ ಕೈಕೊಟ್ಟರೆ ಟ್ಯಾಂಕರ್. ಅಂಥ ಮನೆಯ ಹಾಲ್‌ನಲ್ಲೇ ಐದಾರು ಮಕ್ಕಳನ್ನು ನೋಡಿಕೊಂಡು ಸಂಸಾರ ತೂಗಿಸುವ ಹೆಣ್ಣುಮಕ್ಕಳು ಬೇಕಾದಷ್ಟಿದ್ದಾರೆ. ಗೋಡೆಯ ಬಣ್ಣ, ಆಟದ ಸಾಮಾನು ನೋಡಿ ಜನ ಮಗುವನ್ನು ಸೇರಿಸುತ್ತಾರೆ, ಎರಡು ಸಲ ಭೇದಿಯಾದರೆ ಬಿಡಿಸಿಬಿಡುತ್ತಾರೆ. ಈ ಕೆಲಸದಲ್ಲಿ ಹೆಸರು ಉಳಿಸುವುದೂ ಕೆಡಿಸುವುದೂ ನೀರೇ.

1. ನಿಮ್ಮ ನೀರಿಗೆ ಏನಾಗಿದೆ ಎಂದು ಮೊದಲು ತಿಳಿಯಿರಿ. ಕ್ರಿಮಿಯಿದ್ದರೆ ಕುದಿಸಿದರೆ ಸಾಕು. ಫ್ಲೋರೈಡ್, ನೈಟ್ರೇಟ್ ಇದ್ದರೆ ಕುದಿಸಿ ಪ್ರಯೋಜನವಿಲ್ಲ, ನೀರು ಆವಿಯಾದಷ್ಟೂ ಅವುಗಳ ಪ್ರಮಾಣ ಏರುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯವರಿಗೆ ಫ್ಲೋರೈಡ್ ಹೊಸದಲ್ಲ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ, ನೈಟ್ರೇಟ್ 45 ದಾಟಬಾರದು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ. ನಡುವೆ ಅನುಮಾನ ಬಂದರೆ ಎಚ್‌ಟುಎಸ್ ಬಾಟಲಿ ತರಿಸಿ. ಗೆರೆಯವರೆಗೆ ನೀರು ತುಂಬಿ ಒಂದೆರಡು ದಿನ ಇಟ್ಟಾಗ ಕಪ್ಪಾದರೆ ಚರಂಡಿ ನೀರು ಸೇರಿರಬಹುದೆಂದು ಅರ್ಥ. ಟಿಡಿಎಸ್ ಮೀಟರ್ ತೋರಿಸಿ ‘ನಮ್ಮ ನೀರು ಶುದ್ಧ’ ಎನ್ನುವವರ ಮಾತು ಕೇಳಬೇಡಿ. ಆ ಮೀಟರ್ ಅಳೆಯುವುದು ಕರಗಿದ ಲವಣವನ್ನು; ಕ್ರಿಮಿ ಅದರ ಕಣ್ಣಿಗೆ ಬೀಳುವುದೇ ಇಲ್ಲ.

2. ನಲ್ಲಿಯ ಮೊದಲ ನೀರನ್ನು ಗಿಡಕ್ಕೆ ಬಿಡಿ. ದಿನ ಬಿಟ್ಟು ದಿನ ನೀರು ಬಿಡುವ ಊರುಗಳಲ್ಲಿ ಪೈಪು ಖಾಲಿಯಿದ್ದಾಗ ಒಳಗಿನ ಒತ್ತಡ ಇಳಿಯುತ್ತದೆ, ಸೋರುವ ಜಾಯಿಂಟಿನಿಂದ ಪಕ್ಕದ ಚರಂಡಿಯ ಕೊಳೆ ಒಳಗೆ ಸೇರುತ್ತದೆ. ಶುದ್ಧೀಕರಣ ಘಟಕದಿಂದ ಚೊಕ್ಕಟವಾಗಿ ಹೊರಟ ಕಾವೇರಿ ನಿಮ್ಮ ಬೀದಿಗೆ ಬರುವಷ್ಟರಲ್ಲಿ ಕೆಡುವುದು ಹೀಗೆ. ವಾಸನೆ ಬಂದರೆ, ಬಣ್ಣ ತಿರುಗಿದ್ದರೆ ಸಂಪಿನ ವಾಲ್ವ್ ಮುಚ್ಚಿ ಜಲಮಂಡಳಿಯ ಸಹಾಯವಾಣಿ 1916ಕ್ಕೆ ಫೋನ್ ಮಾಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

3. ಮಕ್ಕಳ ಬಾಯಿಗೆ ಹೋಗುವ ನೀರೆಲ್ಲ ಒಂದೇ ಪಾತ್ರೆಯಿಂದ ಬರಲಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಸೂತ್ರ ಇದೇ. ಕುಡಿಯುವ ನೀರಿನ ಬಗ್ಗೆ ಎಲ್ಲರೂ ಜಾಗ್ರತೆ ವಹಿಸುತ್ತಾರೆ. ಕಾಯಿಲೆ ಬರುವುದು ಬೇರೆ ದಾರಿಗಳಿಂದ: ತೊಳೆದ ದ್ರಾಕ್ಷಿ, ಸೌತೆಕಾಯಿ ಹೋಳು, ಮಜ್ಜಿಗೆಗೆ ಬೆರೆಸಿದ ನೀರು, ಊಟವಾದ ಮೇಲೆ ಬಾಯಿ ಮುಕ್ಕಳಿಸಿದ್ದು. ಎರಡು ವರ್ಷದ ಮಗುವನ್ನು ವಾಶ್‌ಬೇಸಿನ್ ಹತ್ತಿರ ಬಿಟ್ಟು ನೋಡಿ. ಕೈ ತೊಳೆಯುತ್ತಲೇ ಬೊಗಸೆಯಲ್ಲಿ ನಿಂತ ನೀರನ್ನು ಸುರ್ ಎಂದು ಹೀರುತ್ತದೆ, ಒದ್ದೆ ಬೆರಳನ್ನು ಚೀಪುತ್ತದೆ, ಅಂಗಿಯ ಒದ್ದೆ ತೋಳನ್ನೂ ಬಿಡುವುದಿಲ್ಲ. ಗದರಿಸಿ ಇದನ್ನು ನಿಲ್ಲಿಸಲಾಗದು, ಮಗುವಿನ ವಯಸ್ಸೇ ಅಂಥದ್ದು. ಆದ್ದರಿಂದ ಬೇಸಿನ್ನಿನ ನಲ್ಲಿಯನ್ನು ಬಿಗಿದು, ಮಕ್ಕಳ ಕೈ ತೊಳೆಯಲು ನಲ್ಲಿಯಿರುವ ಸ್ಟೀಲ್ ಡ್ರಮ್ಮೊಂದನ್ನು ಸ್ಟೂಲಿನ ಮೇಲಿಡಿ. ಅದರಲ್ಲೂ ಕುದಿಸಿದ ನೀರೇ ಇರಲಿ, ಇಲ್ಲವೇ ಕ್ಲೋರಿನ್ ಹಾಕಿದ ನೀರು.

4. ಕುದಿ ಬಂದ ಮೇಲೆ ಒಂದು ನಿಮಿಷ ಬಿಡಿ. ನೀರು ಬಗ್ಗಡವಾಗಿದ್ದರೆ ಮೊದಲು ಬಟ್ಟೆಯಲ್ಲಿ ಸೋಸಿ. ಆರಿಸುವುದು ಕುದಿಸಿದ ಪಾತ್ರೆಯಲ್ಲೇ, ಮುಚ್ಚಿಟ್ಟು. ಕುದಿಸಿದ ನೀರು ಮತ್ತೆ ಕೆಡುವುದು ಹೆಚ್ಚಾಗಿ ಚೊಂಬು ಅದ್ದುವ ಕೈಯಿಂದ. ನಿನ್ನೆಯ ನೀರಿನ ಮೇಲೆ ಇವತ್ತಿನದನ್ನು ಸುರಿಯಬೇಡಿ. ಲೋಟಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸದೆ ಬಿಸಿಲಿಗೆ ಬೋರಲು ಹಾಕಿ.

5. ಎಳೆಗೂಸುಗಳಿಗೆ ಬೇರೆ ಕಟ್ಟುಪಾಡು. ಆರು ತಿಂಗಳೊಳಗಿನ ಕೂಸಿಗೆ ನೀರೇ ಬೇಡ, ಸೆಕೆಗಾಲದಲ್ಲೂ ಎದೆಹಾಲು ಸಾಕು. ಪುಡಿಹಾಲು ಕುಡಿಯುವ ಕೂಸಾದರೆ ಕುದಿಸಿದ ನೀರು 70 ಡಿಗ್ರಿಗಿಂತ ಕೆಳಗಿಳಿಯುವ ಮುನ್ನ ಪುಡಿ ಬೆರೆಸಿ, ಆಮೇಲೆ ಬಾಟಲಿಯನ್ನು ತಣ್ಣೀರಿನಲ್ಲಿಟ್ಟು ಆರಿಸಿ. ಪುಡಿಯಲ್ಲೂ ಕ್ರಿಮಿ ಇರಬಹುದು, ಆ ಬಿಸಿಗೆ ಅದು ಸಾಯುತ್ತದೆ. ಎರಡು ಗಂಟೆ ದಾಟಿದ ಹಾಲನ್ನು ಚೆಲ್ಲಿ. ನೈಟ್ರೇಟ್ ಮಿತಿ ಮೀರಿದ ಬೋರ್‌ವೆಲ್ ನೀರನ್ನು ಇವರ ಹಾಲಿಗೆ ಬಳಸಲೇಬೇಡಿ, ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕುಂದಿ ಮೈ ನೀಲಿಗಟ್ಟುವ ಅಪಾಯವಿದೆ.

6. ಡೈಪರ್ ಬದಲಿಸುವ ಜಾಗ ಒಂದು ಮೂಲೆಯಾದರೆ ರಾಗಿ ಸರಿ ಕಲಸುವ ಜಾಗ ಇನ್ನೊಂದು ಮೂಲೆ. ಸಾಧ್ಯವಾದರೆ ಕೈಗಳೂ ಬೇರೆಯಾಗಲಿ: ಸಹಾಯಕ್ಕೆ ಬರುವ ಅಕ್ಕ ಡೈಪರ್ ನೋಡಿಕೊಂಡರೆ ಅಡುಗೆ ನೀವೇ ಮಾಡಿ. ಸ್ಯಾನಿಟೈಸರ್ ಸಾಲದು, ಸೋಪೇ ಬೇಕು.

7. ಸಂಪು ಮತ್ತು ಮೇಲಿನ ಟ್ಯಾಂಕನ್ನು ಆರು ತಿಂಗಳಿಗೊಮ್ಮೆ ಉಜ್ಜಿಸಿ. ಟ್ಯಾಂಕರ್ ನೀರು ತುಂಬಿಸಿದ ದಿನ ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿಯನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಸಂಪಿಗೆ ಹಾಕಿ ಒಂದು ಗಂಟೆ ಬಿಡಿ. ಹಳೆಯ ಪುಡಿಯಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಚಿಕ್ಕ ಡಬ್ಬಿ ತನ್ನಿ, ಬಿಗಿಯಾಗಿ ಮುಚ್ಚಿಡಿ, ಮಕ್ಕಳ ಕೈಗೆ ಎಟುಕದಂತೆ ನೋಡಿಕೊಳ್ಳಿ.

8. ನೀರಿನ ಖರ್ಚನ್ನು ಫೀಸಿನಲ್ಲೇ ಸೇರಿಸಿ, ತಂದೆತಾಯಿಗೆ ಬಾಯಿಬಿಟ್ಟು ಹೇಳಿ. ದಿನಕ್ಕೆ ಹತ್ತು ಲೀಟರ್ ಕುದಿಸಿದರೆ ತಿಂಗಳಿಗೆ ಹೆಚ್ಚುಕಡಿಮೆ ಕಾಲು ಸಿಲಿಂಡರ್ ಗ್ಯಾಸ್ ಹಿಡಿಯುತ್ತದೆ. ಪರೀಕ್ಷೆ, ಫಿಲ್ಟರ್, ಟ್ಯಾಂಕ್ ಸ್ವಚ್ಛತೆಯ ಖರ್ಚು ಬೇರೆ. ಹಿಂಜರಿಯಬೇಡಿ. ಸೇರಿಸಲು ಬಂದ ಅಮ್ಮನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಡ್ರಮ್ ತೋರಿಸಿ, ಲ್ಯಾಬಿನ ವರದಿಯನ್ನು ಬಾಗಿಲ ಪಕ್ಕ ಅಂಟಿಸಿ. ನೀರು ಕೆಟ್ಟ ದಿನ ವಾಟ್ಸ್ಆ್ಯಪ್ ಗುಂಪಿಗೆ ಬೆಳಗ್ಗೆಯೇ ತಿಳಿಸಿ: ‘ಇವತ್ತು ನಲ್ಲಿ ನೀರು ಚೆನ್ನಾಗಿಲ್ಲ, ಮಗುವಿನ ಜೊತೆ ಒಂದು ಬಾಟಲಿ ಕುದಿಸಿದ ನೀರು ಕಳಿಸಿ.’ ಮುಚ್ಚಿಟ್ಟು ಆಮೇಲೆ ಗೊತ್ತಾದರೆ ಯಾವ ಸಮಜಾಯಿಷಿಯೂ ನಿಲ್ಲದು.

9. ಭೇದಿಗೆ ತಯಾರಾಗಿರಿ. ಒಂದು ಲೀಟರಿನ ಒಆರ್‌ಎಸ್ ಪೊಟ್ಟಣಗಳು ಮನೆಯಲ್ಲಿ ಸದಾ ಇರಲಿ. ಇಡೀ ಪೊಟ್ಟಣವನ್ನು ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೇ ಬೆರೆಸಬೇಕು, ಅಳತೆ ತಪ್ಪಿದರೆ ಔಷಧವೇ ಕೆಡುಕಾದೀತು. ಚಮಚದಲ್ಲಿ ಸ್ವಲ್ಪಸ್ವಲ್ಪವೇ ಕುಡಿಸಿ. ಉಳಿದದ್ದನ್ನು 24 ಗಂಟೆಯ ನಂತರ ಚೆಲ್ಲಿ. ಕಣ್ಣು ಗುಳಿಬಿದ್ದರೆ, ಮಗು ಮಂಕಾದರೆ, ಮೂತ್ರ ನಿಂತರೆ, ಭೇದಿಯಲ್ಲಿ ರಕ್ತ ಕಂಡರೆ ಕಾಯಬೇಡಿ. ಆಸ್ಪತ್ರೆಯ ದಾರಿ ಹಿಡಿದು, ಹೋಗುತ್ತಲೇ ತಂದೆತಾಯಿಗೆ ಫೋನ್ ಮಾಡಿ. ಭೇದಿ ನಿಂತು 48 ಗಂಟೆ ಆಗುವವರೆಗೆ ಆ ಮಗು ಮನೆಯಲ್ಲೇ ಇರಲಿ. ಮಗುವನ್ನು ಸೇರಿಸಿಕೊಳ್ಳುವ ದಿನವೇ ಈ ನಿಯಮವನ್ನು ಕಾಗದದ ಮೇಲೆ ಬರೆದು ಸಹಿ ಹಾಕಿಸಿಕೊಳ್ಳಿ. ‘ಇವತ್ತು ಆಫೀಸಿನಲ್ಲಿ ಮೀಟಿಂಗ್ ಇದೆ ಆಂಟಿ, ಒಂದು ದಿನ ಅಷ್ಟೇ’ ಎಂದು ಬೆಳಗ್ಗೆ ಎಂಟಕ್ಕೆ ಬಾಗಿಲಲ್ಲಿ ನಿಂತವರಿಗೆ ಬೇರೆ ಉತ್ತರ ಹುಡುಕಬೇಕಾಗಿಲ್ಲ, ಆ ಕಾಗದ ತೋರಿಸಿದರೆ ಆಯಿತು.