ಎಳೆಯರಿಗೆ ರಸಪರಿತ್ಯಾಗದ ಪಾಠ

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಹೇಳಿದ ಆರು ಬಾಹ್ಯ ತಪಗಳಲ್ಲಿ ನಾಲ್ಕನೆಯದು ರಸಪರಿತ್ಯಾಗ. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ-ಸಕ್ಕರೆ, ಉಪ್ಪು ಇವುಗಳಲ್ಲಿ ಒಂದನ್ನಾಗಲಿ ಹಲವನ್ನಾಗಲಿ ಬಿಟ್ಟು ನಾಲಗೆಯ ಲೋಲುಪತೆಯನ್ನು ಗೆಲ್ಲುವುದೇ ಇದರ ಉದ್ದೇಶ.

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಶ್ರಾವಕರ ಮನೆಗಳಲ್ಲಿ ದಶಲಕ್ಷಣ ಪರ್ವದಂದು ಎಳೆಯ ಮಗುವು ಒಂದು ಹೊತ್ತು ಸಿಹಿ ಬಿಟ್ಟರೆ, ಹಿರಿಯರು ಮೆಚ್ಚಿ ಕೈಗೆ ಪೇಡೆಯನ್ನು ಇಡುವುದುಂಟು. ಬಿಟ್ಟ ರಸವೇ ಬಹುಮಾನವಾಗಿ ಮರಳಿತು! ಮಗುವು ಕಲಿತದ್ದು ತ್ಯಾಗವನ್ನಲ್ಲ, ಸಿಹಿಯ ಬೆಲೆಯನ್ನು.

ಸಕ್ಕರೆ ತಿಂದರೆ ಪಾಪವೆಂದು ಹೆದರಿಸುವುದೂ ಅನುಚಿತ. ಅದು ಜೇನಿನಂತೆ ಅಭಕ್ಷ್ಯವಲ್ಲ. ಹೆದರಿದ ಮಗು ಕದ್ದು ತಿನ್ನುವುದನ್ನು ಕಲಿಯುತ್ತದೆ. ಕಂಡ ವಸ್ತುವಿನಿಂದಲೇ ತಿಳಿಹೇಳಬೇಕು: “ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ, ಹೌದಲ್ಲ ತಮ್ಮಾ? ಅಂಗಡಿಯ ಮಿಠಾಯಿಗೂ ಬಣ್ಣ ಹೆಚ್ಚು, ಕಸುವು ಕಡಿಮೆ. ಶೇಂಗಾ ತಿಂದರೆ ಆಟಕ್ಕೆ ಬಲ ಬರುತ್ತದೆ. ಸಕ್ಕರೆ ಹಲ್ಲಿಗಂಟಿದರೆ ಹುಳುಕು ಹಿಡಿಯುತ್ತದೆ.”

ಬೆಲ್ಲವಾದರೆ ಬಾಧಕವಿಲ್ಲವೆಂಬ ಅಜ್ಜಿಯರ ಸಮಾಧಾನವೂ ನಿಲ್ಲದು. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಹೇಳಿದ ಮಿತಿ, ದಿನದ ಆಹಾರಶಕ್ತಿಯ ಶೇಕಡಾ 10ಕ್ಕಿಂತ ಕಡಿಮೆ. ಬೆರೆಸಿದ ಬೆಲ್ಲವೂ ಆ ಎಣಿಕೆಯೊಳಗಿನದೇ. ಶಾಸ್ತ್ರವಂತೂ ಎರಡನ್ನೂ ಒಂದೇ ರಸವೆಂದು ಗಣಿಸಿದೆ.

ನಿಯಮವನ್ನು ಮಗುವೇ ಆರಿಸಿಕೊಳ್ಳಲಿ. ವಾರಕ್ಕೊಂದು ದಿನ ಹಾಲಿಗೆ ಸಕ್ಕರೆ ಬೇಡವೆಂದರೆ ಸಾಕು. ಅಂದು ತಂದೆಯ ಚಹಕ್ಕೂ ಸಕ್ಕರೆ ಬೀಳಬಾರದು.