ಟೈಪ್ ಮಾಡಿದರೆ ಕೇಳುವ ವಿಮಾನ



ವಿಮಾನ ಹಾರಿಸಲು ಕಲಿಯುವವರು ನಿಜವಾದ ವಿಮಾನದಲ್ಲಿ ಕಲಿಯುವುದಲ್ಲದೆ ಸುಳ್ಳು ವಿಮಾನದಲ್ಲಿಯೂ ಅಭ್ಯಾಸ ಮಾಡುತ್ತಾರೆ. ಇದಕ್ಕೆ ಫ್ಲೈಟ್ ಸಿಮ್ಯುಲೇಟರ್ ಎಂದು ಹೆಸರು. ಮನೆಯ ಕಂಪ್ಯೂಟರಿನಲ್ಲಿ ಆಡುವಂಥದ್ದೂ ಉಂಟು. ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುವ ನನ್ನ ದೊಡ್ಡಮ್ಮನ ಮಗ ರಜೆಯಲ್ಲಿ ನಮ್ಮ ಮನೆಗೆ ಬಂದಾಗ ಅವನ ಲ್ಯಾಪ್‌ಟಾಪಿನಲ್ಲಿ ನನಗೆ ಅದನ್ನು ತೋರಿಸಿದನು. ಅದರ ಹೆಸರು ಫ್ಲೈಟ್‌ಗಿಯರ್. 1997ರಲ್ಲಿ ಮೊದಲು ಹೊರಬಂತು. ದುಡ್ಡು ಕೊಡಬೇಕಾಗಿಲ್ಲ, ಯಾರು ಬೇಕಾದರೂ ಹಾಕಿಕೊಳ್ಳಬಹುದು. ನಮ್ಮ ಬಜಪೆಯ ವಿಮಾನ ನಿಲ್ದಾಣವೂ ಅದರಲ್ಲಿ ಉಂಟು!

ನಾನು ಅಣ್ಣನ ಬೆನ್ನು ಬಿಡದೆ ಕಲಿತದ್ದಕ್ಕೆ ಒಂದು ಕಾರಣ ಉಂಟು. ನನ್ನ ಮಾವ ದುಬೈಯಲ್ಲಿ ಕೆಲಸಕ್ಕಿದ್ದಾರೆ. ಅವರು ಊರಿಗೆ ಬರುವ ದಿನ "ಇಳಿದೆ" ಎಂದು ಫೋನ್ ಬರುವ ತನಕ ಅಮ್ಮ ಊಟ ಮಾಡುವುದಿಲ್ಲ. ಯಾಕೆ ಎಂದು ಮುಂದೆ ಬರೆಯುತ್ತೇನೆ.

ಈ ಆಟವನ್ನು ಕೀಲಿಮಣೆಯ ಬಾಣದ ಗುರುತು ಒತ್ತಿ ಆಡಬಹುದು. ಅಣ್ಣ ತೋರಿಸಿದ್ದು ಬೇರೆ ದಾರಿ. ಆಟ ಶುರು ಮಾಡುವಾಗ ಟೆಲ್ನೆಟ್ ಎಂಬ ಆಯ್ಕೆ ಕೊಟ್ಟರೆ, ಆಟ ನಡೆಯುತ್ತಿರುವಾಗಲೇ ಇನ್ನೊಂದು ಕಪ್ಪು ಕಿಟಕಿಯಲ್ಲಿ ನಾವು ಆಜ್ಞೆ ಟೈಪ್ ಮಾಡಬಹುದು. ವಿಮಾನದ ಪ್ರತಿಯೊಂದು ಸಂಗತಿಗೂ ಅದರಲ್ಲಿ ಒಂದು ವಿಳಾಸ ಇರುತ್ತದೆ. ಕಾಗದದ ಮೇಲೆ ನಾವು ಜಿಲ್ಲೆ, ತಾಲೂಕು, ಗ್ರಾಮ, ಮನೆ ಎಂದು ಬರೆಯುವುದಿಲ್ಲವೇ, ಹಾಗೆಯೇ. ಕಂಟ್ರೋಲ್ಸ್ ಎಂಬ ಜಿಲ್ಲೆ, ಅದರೊಳಗೆ ಫ್ಲೈಟ್ ಎಂಬ ತಾಲೂಕು, ಅದರೊಳಗೆ ಫ್ಲಾಪ್ಸ್ ಎಂಬ ಮನೆ. ಫ್ಲಾಪ್ಸ್ ಅಂದರೆ ಇಳಿಯುವಾಗ ರೆಕ್ಕೆಯ ಹಿಂದೆ ಕೆಳಗೆ ಬಾಗುವ ಪಟ್ಟಿ. ನಡುವೆ ಓರೆಗೆರೆ ಹಾಕಬೇಕು.

ಮುಖ್ಯವಾದ ಆಜ್ಞೆ ಮೂರೇ. ಎಲ್‌ಎಸ್ ಎಂದರೆ ಈ ತಾಲೂಕಿನಲ್ಲಿ ಯಾರ್ಯಾರ ಮನೆ ಉಂಟು ಎಂದು ಪಟ್ಟಿ ಕೊಡುತ್ತದೆ. ಗೆಟ್ ಎಂದು ವಿಳಾಸ ಬರೆದರೆ ಅಲ್ಲಿ ಈಗ ಯಾವ ಸಂಖ್ಯೆ ಉಂಟು ಎಂದು ಹೇಳುತ್ತದೆ. ಸೆಟ್ ಎಂದು ವಿಳಾಸ ಮತ್ತು ಸಂಖ್ಯೆ ಬರೆದರೆ ಆ ಸಂಖ್ಯೆಯನ್ನು ಬದಲಿಸುತ್ತದೆ. ಎಲ್ಲವನ್ನೂ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಬರೆಯಬೇಕು. ಫ್ಲಾಪ್ಸಿಗೆ 0.5 ಎಂದು ಸೆಟ್ ಮಾಡಿ ಎಂಟರ್ ಒತ್ತಿದೆ. ಪಕ್ಕದ ಕಿಟಕಿಯಲ್ಲಿ ಸೆಸ್ನಾ ವಿಮಾನದ ಪಟ್ಟಿ ಮೆಲ್ಲ ಅರ್ಧ ಇಳಿಯಿತು. ನನಗಾದ ಸಂತೋಷ ಹೇಳಿ ಪೂರೈಸದು. 1 ಎಂದರೆ ಪೂರ್ತಿ, 0 ಎಂದರೆ ಏನೂ ಇಲ್ಲ. ನಾವು ಐದನೆಯಲ್ಲಿ ದಶಮಾಂಶ ಕಲಿಯುವಾಗ ಇದೆಲ್ಲ ಎಂತಕ್ಕೆ ಎಂದು ಕೇಳಿದ್ದು ನಾನೇ.

ಈಗ ನನ್ನ ತಪ್ಪು. ಬಜಪೆಯ ಹತ್ತಿರ ಹಾರುತ್ತಿದ್ದಾಗ ವಿಮಾನವನ್ನು 500 ಮೀಟರ್ ಎತ್ತರದಲ್ಲಿ ಇಡೋಣ ಎಂದು ಎತ್ತರದ ವಿಳಾಸಕ್ಕೆ 500 ಎಂದು ಸೆಟ್ ಮಾಡಿದೆ. ವಿಮಾನ ಒಮ್ಮೆಲೇ ಕೆಳಗೆ ಬಂದು ಗುಡ್ಡಕ್ಕೆ ಬಡಿಯಿತು. ಅಣ್ಣ ನಕ್ಕು, "ಹೆಸರಿನ ಬಾಲ ನೋಡು ಮಾರಾಯ" ಅಂದ. ಆಲ್ಟಿಟ್ಯೂಡ್ ಎಂಬ ಹೆಸರಿನ ಕೊನೆಗೆ ಅಡ್ಡಗೆರೆ ಹಾಕಿ ಎಫ್‌ಟಿ ಎಂದು ಇತ್ತು. ಅಂದರೆ ಅಡಿ. 500 ಅಡಿ ಎಂದರೆ 152 ಮೀಟರ್ ಮಾತ್ರ. ಅದೂ ಸಮುದ್ರದ ಮಟ್ಟದಿಂದ! ಬಜಪೆಯ ರನ್‌ವೇ ಗುಡ್ಡದ ತಲೆಯಲ್ಲಿ, ಸಮುದ್ರದಿಂದ ಸುಮಾರು 100 ಮೀಟರ್ ಮೇಲೆ ಉಂಟು. ಉಳಿದದ್ದು 50 ಮೀಟರ್, ಎರಡು ಮೂರು ತೆಂಗಿನ ಮರದಷ್ಟು. ನೆಲದಿಂದ ಎತ್ತರ ಬೇಕಾದರೆ ಅದಕ್ಕೆ ಬೇರೆಯೇ ಹೆಸರು, ಎಜಿಎಲ್ ಎಂದು ಸೇರಿರುತ್ತದೆ. ಬಾಲ ಕೆಟಿ ಎಂದಿದ್ದರೆ ವೇಗ, ನಾಟ್ ಲೆಕ್ಕದಲ್ಲಿ. 1 ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರ್. ವಿಸಿಬಿಲಿಟಿಯ, ಅಂದರೆ ಎಷ್ಟು ದೂರ ಕಾಣುತ್ತದೆ ಎಂಬುದರ ಬಾಲ ಎಮ್, ಅದು ಮೀಟರ್. ಇಂಧನದ್ದು ಅಮೆರಿಕದ ಗ್ಯಾಲನ್, ಸುಮಾರು 3.785 ಲೀಟರ್. ಒಂದೇ ವಿಮಾನದಲ್ಲಿ ಎಷ್ಟು ಬಗೆಯ ಅಳತೆ ನೋಡಿ. ಕಂಪ್ಯೂಟರ್ ಮಾತ್ರ ಬರೆದ ಸಂಖ್ಯೆಯನ್ನು ಹಾಗೆಯೇ ನಂಬುತ್ತದೆ.

ಇದು ಆಟದ ವಿಷಯ ಮಾತ್ರ ಎಂದು ತಿಳಿಯಬೇಡಿ. 1983ರ ಜುಲೈ 23ರಂದು ಕೆನಡಾದಲ್ಲಿ ಏರ್ ಕೆನಡಾದ ಒಂದು ಬೋಯಿಂಗ್ 767 ವಿಮಾನಕ್ಕೆ 22,300 ಕಿಲೋಗ್ರಾಂ ಇಂಧನ ಬೇಕಿತ್ತು. ಲೆಕ್ಕ ಹಾಕಿದವರು ಪೌಂಡಿನ ಅಂಕಿ ಹಿಡಿದರು. ಪೌಂಡ್ ಎಂದರೆ ಅರ್ಧ ಕಿಲೋಗಿಂತಲೂ ಕಡಿಮೆ. ಆಕಾಶದ ನಡುವೆ ಎರಡೂ ಇಂಜಿನ್ ನಿಂತವು. ಗಾಳಿಯಲ್ಲಿ ತೇಲಿಸಿಕೊಂಡೇ ಬಂದು ಗಿಮ್ಲಿ ಎಂಬ ಊರಿನ ಹಳೇ ರನ್‌ವೇಯಲ್ಲಿ ಇಳಿಸಿದರು. ಒಳಗಿದ್ದ 69 ಜನರೂ ಬದುಕಿದರು.

ಬಜಪೆಯಲ್ಲಿ ಹಾಗಾಗಲಿಲ್ಲ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿತ್ತು. 166 ಜನರಲ್ಲಿ 158 ಜನ ತೀರಿಕೊಂಡರು. ಆಗ ನಾನು ಹುಟ್ಟಿರಲಿಲ್ಲ. ಅಮ್ಮ ಊಟ ಬಿಡುವುದು ಅಂದಿನಿಂದ. ಅಲ್ಲಿ ಅಳತೆಯ ತಪ್ಪಾಗಿರಲಿಲ್ಲ. ವಿಮಾನ ಇಳಿಯಲು ಬರುವಾಗ ಇರಬೇಕಾದ್ದಕ್ಕಿಂತ ಬಹಳ ಎತ್ತರದಲ್ಲಿತ್ತು. ರನ್‌ವೇ ಉದ್ದ 8,033 ಅಡಿ. ಚಕ್ರ ಸರಿಯಾಗಿ ನೆಲ ಮುಟ್ಟಿದ್ದು ಸುಮಾರು 5,200 ಅಡಿ ಕಳೆದ ಮೇಲೆ. ಉಳಿದದ್ದನ್ನು ನೀವೇ ಕಳೆದು ನೋಡಿ.

ಎತ್ತರ ಹೆಚ್ಚಾದರೆ ಎಂತ ಆಗುತ್ತದೆ ಎಂದು ನಾವು ಸಿಮ್ಯುಲೇಟರಿನಲ್ಲಿ ನೋಡಿದೆವು. ರನ್‌ವೇಗೆ 2 ನಾಟಿಕಲ್ ಮೈಲು ದೂರದಲ್ಲಿ ಸೆಸ್ನಾವನ್ನು ಇಟ್ಟೆವು. ಒಂದು ಮೈಲಿಗೆ ಸುಮಾರು 300 ಅಡಿ ಇಳಿಯಬೇಕು, ಎರಡಕ್ಕೆ 600. ರನ್‌ವೇ ಇರುವುದೇ ಸುಮಾರು 340 ಅಡಿಯಲ್ಲಿ. ಆದ್ದರಿಂದ 940 ಎಂದು ಕೊಟ್ಟೆವು. ರನ್‌ವೇಯ ಆರಂಭದಲ್ಲೇ ಚಂದ ಮಾಡಿ ಇಳಿಯಿತು (ಅಣ್ಣ ಇಳಿಸಿದ್ದು). ಆಮೇಲೆ ಎರಡು ಪಾಲು ಎತ್ತರ, 1,540. ಬೇಗ ಇಳಿಸಬೇಕೆಂದು ಮೂಗು ಕೆಳಗೆ ಮಾಡಿದರೆ ವೇಗ ಹೆಚ್ಚುತ್ತದೆ. ವೇಗ ಹೆಚ್ಚಾದರೆ ನೆಲ ಮುಟ್ಟದೆ ತೇಲುತ್ತಾ ಹೋಗುತ್ತದೆ. ಅರ್ಧ ರನ್‌ವೇ ಮುಗಿಯಿತು. ಸೆಸ್ನಾ ಸಣ್ಣದು, ಹೇಗೋ ನಿಂತಿತು. ದೊಡ್ಡ ಬೋಯಿಂಗ್ ಆಗಿದ್ದರೆ?

ನಿಜವಾದ ವಿಮಾನದಲ್ಲಿ ಎತ್ತರವನ್ನು ಸೆಟ್ ಮಾಡಲು ಆಗುವುದಿಲ್ಲ. ಹೆಚ್ಚು ಎತ್ತರ ಇದ್ದರೆ ಇಂಜಿನ್ ಜೋರು ಮಾಡಿ ಮೇಲೆದ್ದು ಮತ್ತೊಂದು ಸುತ್ತು ಬರಬೇಕು. ಆ ದಿನ ಸಹಪೈಲಟ್ ಹಾಗೆ ಮಾಡೋಣ ಎಂದು ಮೂರು ಸಲ ಹೇಳಿದ್ದರು ಎಂದು ತನಿಖೆಯಲ್ಲಿ ತಿಳಿಯಿತು.

ಹಿಂದಿನಿಂದ ನೋಡುತ್ತಾ ನಿಂತಿದ್ದ ಅಮ್ಮ, "ಸುತ್ತು ಬರುದು ಹೇಗೆ, ತೋರಿಸು" ಅಂದರು. ನಾನು ಪುನಃ 1,540 ಕೊಟ್ಟೆ. ರನ್‌ವೇ ಹತ್ತಿರ ಬಂದಾಗ ಥ್ರಾಟಲಿಗೆ 1 ಎಂದು ಟೈಪ್ ಮಾಡಿದೆ. ವಿಮಾನ ಗುಡ್ಡ ದಾಟಿ ಮೇಲೆ ಹೋಯಿತು. ಅಮ್ಮ ಅದನ್ನು ಎರಡು ಸಲ ಮಾಡಿಸಿ ನೋಡಿದರು.

ಆಜ್ಞೆಗಳನ್ನೂ ಬಾಲಗಳ ಪಟ್ಟಿಯನ್ನೂ ನನ್ನ ಗಣಿತ ನೋಟ್ಸಿನ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದೇನೆ. ಬೇಕಾದವರು ಮಧ್ಯಾಹ್ನ ಊಟದ ಬಿಡುವಿನಲ್ಲಿ ಕೇಳಿ ಬರೆದುಕೊಳ್ಳಬಹುದು.