ಫ್ರಿಜ್ಜಿನ ವಿದ್ಯುತ್ ವೆಚ್ಚ: ಲೆಕ್ಕದ ಕ್ರಮ

ಸಾವಿರ ವ್ಯಾಟ್ ಉಪಕರಣವು ಒಂದು ತಾಸು ನಡೆದರೆ ವ್ಯಯವಾಗುವ ವಿದ್ಯುತ್ತೇ ಒಂದು ಯುನಿಟ್. ಫ್ರಿಜ್ ಹಗಲಿರುಳು ಚಾಲೂ ಇದ್ದರೂ ಅದರ ವ್ಯಾಟನ್ನು 24 ತಾಸಿನಿಂದ ಗುಣಿಸಲಾಗದು; ಒಳಗೆ ತಂಪೇರಿದೊಡನೆ ಕಂಪ್ರೆಸರ್ ನಿಲ್ಲುತ್ತದೆ ಅಥವಾ ನಿಧಾನಗೊಳ್ಳುತ್ತದೆ. ಆದ್ದರಿಂದ ಸ್ಟಾರ್ ಲೇಬಲ್ಲಿನಲ್ಲಿ ನಮೂದಾದ ವಾರ್ಷಿಕ ಯುನಿಟ್ಟುಗಳನ್ನು 12ರಿಂದ ಭಾಗಿಸಬೇಕು. ಅಲ್ಲಿ 240 ಎಂದಿದ್ದರೆ ತಿಂಗಳಿಗೆ ಸುಮಾರು 20.

ಮಹಾರಾಷ್ಟ್ರದ ಮನೆಬಳಕೆಯ ದರಪಟ್ಟಿಯಲ್ಲಿ 100 ಯುನಿಟ್ ದಾಟಿದ ಮೇಲಿನ ಬಳಕೆಗೆ ದರ ಹೆಚ್ಚು. ತಿಂಗಳಿಗೆ 90 ಯುನಿಟ್ ಬಳಸುವ ಮನೆಗೆ ಈ ಫ್ರಿಜ್ ಬಂದರೆ ಒಟ್ಟು 110 ಆಗುತ್ತದೆ. ಅದರ 20ರಲ್ಲಿ 10 ಯುನಿಟ್ಟುಗಳಿಗೆ ಮೇಲಿನ ದರವೇ ಬೀಳುತ್ತದೆ. ಕೊಳ್ಳುವ ಬೆಲೆ ಒಮ್ಮೆ ತೆರುವುದು. ಈ ವೆಚ್ಚ ಪ್ರತಿ ತಿಂಗಳಿನದು.

ಅಭ್ಯಾಸ: ಮನೆಗೆ ಬಂದ ಮರಾಠಿ ವಿದ್ಯುತ್ ಬಿಲ್ಲನ್ನು ಓದಿ, ಇದೇ ಲೆಕ್ಕವನ್ನು ಮನೆಯ ಹಿರಿಯರಿಗೆ ತಿಳಿಯುವಂತೆ ಕನ್ನಡದಲ್ಲಿ ಬರೆಯಿರಿ.